ಮಲಗಿದೆ

ನಮ್ಮ ಸೋಲಾರ್ ಪ್ಲಾಂಟಿನಲ್ಲಿ ಕರೆಂಟು ಆಫ್ ಆಗಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಮಲಗಿದೆ ಎನ್ನುತ್ತಿದ್ದರು. ಆ ಮಾತು ಮೊದಲು ಬಂದದ್ದು ನನ್ನ ಬಾಯಿಂದ.

ನಾನು ಅಲ್ಲಿ ಕೆಲಸಕ್ಕೆ ಸೇರಿದ ಹೊಸತು. ಸಂಜೆ ನಾವು ಹೆಂಗಸರೆಲ್ಲ ಬ್ರಷ್ಷು, ಬಕೆಟ್ಟು ತೊಳೆದು ಮಷಿನ್ ರೂಮಿನ ಹಿಂದಿನ ಗೋಡೆಗೆ ಒರಗಿಸುತ್ತಿದ್ದೆವು. ಒಳಗೆ ಹಗಲೆಲ್ಲ ಗೊಂಯ್‌ಗುಟ್ಟುತ್ತಿದ್ದ ಇನ್ವರ್ಟರ್, ಬಿಸಿಲು ಇಳಿದ ಹಾಗೆ ದನಿ ತಗ್ಗಿಸುತ್ತ ಬಂದು ಕೊನೆಗೆ ಟಕ್ ಎಂದು ನಿಂತಿತು. ಅಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದ ನನ್ನ ಭಾವ ಬಾಗಿಲಲ್ಲಿ ನಿಂತು ವಾಕಿಟಾಕಿಯನ್ನು ಬಾಯಿಯ ಹತ್ತಿರ ಹಿಡಿದು, "ಸತ್ತಿದೆ," ಎಂದರು. ಅವರು ಮೊದಲು ಬೀದಿ ಕಂಬಗಳನ್ನು ಹತ್ತುತ್ತಿದ್ದ ಲೈನ್‌ಮನ್. ಕರೆಂಟಿಲ್ಲದ ತಂತಿಗೆ ಅವರ ಮಂದಿ ಹೇಳುವುದೇ ಹಾಗೆ.

ನಮ್ಮ ಗುಂಪಿನ ಮೇಸ್ತ್ರಮ್ಮನಿಗೆ ರೇಗಿತು. "ದಿನಾ ಹೊತ್ತು ಮುಳುಗೋವಾಗ ಇದೊಂದು ಸಾವಿನ ಸುದ್ದಿ! ಬೇರೆ ಮಾತೇ ಸಿಗಲ್ವೇನಪ್ಪ ನಿನ್ನ ಬಾಯಿಗೆ?"

"ಸತ್ತಿದ್ದನ್ನ ಸತ್ತಿದೆ ಅನ್ನದೆ ಇನ್ನೇನನ್ಲಿ ಮೇಸ್ತ್ರಮ್ಮ? ಹಾರ ಹಾಕ್ಲಾ?"

"ಬೆಳಿಗ್ಗೆ ಏಳತ್ತಲ್ಲ," ಎಂದೆ ನಾನು. "ಮಲಗಿದೆ ಅನ್ನಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಏನು ಹೇಳಿದೆ ಎನ್ನುವುದಕ್ಕಿಂತ ನಾನು ಬಾಯಿ ಬಿಟ್ಟೆ ಎನ್ನುವುದೇ ಅವರಿಗೆ ದೊಡ್ಡ ಸುದ್ದಿ. ಆಮೇಲೆ ಒಬ್ಬಳು ನಕ್ಕಳು, ಉಳಿದವರೂ ನಕ್ಕರು. ಭಾವ ಮತ್ತೆ ವಾಕಿಟಾಕಿ ಒತ್ತಿ, ರೇಡಿಯೋದಲ್ಲಿ ವಾರ್ತೆ ಓದುವವರ ಗತ್ತಿನಲ್ಲಿ, "ಒಂದು ತಿದ್ದುಪಡಿ. ಸತ್ತಿಲ್ಲ. ಮಲಗಿದೆ. ಯಾರೂ ಗಲಾಟೆ ಮಾಡಬಾರದು," ಎಂದರು. ಆ ಕಡೆಯಿಂದಲೂ ಯಾರೋ ನಕ್ಕದ್ದು ಕೇಳಿಸಿತು.

ನಾನು ಹೇಳಿದ ಮಾತನ್ನು ಇನ್ನೊಬ್ಬರು ಎತ್ತಿಕೊಂಡದ್ದು ಅದೇ ಮೊದಲು. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳು ಅಂದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಕೂತುಬಿಡುತ್ತಿತ್ತು. ಅಮ್ಮ ಹೋದ ಮೇಲೆ ಶಾಲೆಯೂ ಹೋಯಿತು. ಅಕ್ಕನ ಮನೆಗೆ ಬಂದೆ. ಭಾವ ನನಗೆ ಇಟ್ಟ ಹೆಸರು ಗುಮ್ಮ. "ಏನ್ ಗುಮ್ಮ, ಇವತ್ತು ಎಷ್ಟು ಮಾತು ಖರ್ಚಾಯ್ತು?" ಎಂದು ದಿನವೂ ಕೇಳುವರು. ಆ ಸಂಜೆ ಮನೆಗೆ ಹೋದವರೇ ಅಕ್ಕನಿಗೆ, "ನಿನ್ನ ತಂಗಿ ಇವತ್ತು ಕಂಪನಿಗೆ ಹೊಸ ಭಾಷೆ ಕಲಿಸಿದಳು ಕಣೇ," ಎಂದರು. ಅವರ ಮಗಳು, ಇನ್ನೂ ಸರಿಯಾಗಿ ಮಾತು ಬಾರದ ಪುಟ್ಟಿ, ರಾತ್ರಿ ದೀಪ ಆರಿಸಿದಾಗ "ಲೈಟು ಮಲಗ್ತು" ಎಂದಳು. ನಮ್ಮ ಮನೆಯಲ್ಲಿ ಆ ಮಾತು ನಿಂತುಬಿಟ್ಟಿತು.

ನನಗೆ ಆ ಕೆಲಸ ಕೊಡಿಸಿದ್ದೂ ಭಾವನೇ. ಮೊದಲ ದಿನ ಬೇಲಿಯ ಒಳಗೆ ಕಾಲಿಟ್ಟಾಗ ಕೆರೆಯೊಂದನ್ನು ಯಾರೋ ಚೂರು ಚೂರು ಮಾಡಿ ಓರೆಯಾಗಿ ಒಣಗಲು ಇಟ್ಟಿದ್ದಾರೆ ಅನ್ನಿಸಿತ್ತು. ಅಷ್ಟೂ ಪ್ಯಾನೆಲ್ಲುಗಳು ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು. ನಾನು ಬಾಯಿ ತೆರೆದು ನೋಡುತ್ತಿರುವುದನ್ನು ಕಂಡು ಭಾವ ಕರೆದುಕೊಂಡು ಹೋಗಿ ಒಂದೊಂದನ್ನೂ ತೋರಿಸಿದರು.

"ಈ ಗಾಜಿನ ಕೆಳಗೆ ನೀಲಿ ಬಿಲ್ಲೆಗಳಿವೆ ನೋಡು. ಒಂದೊಂದು ಬಿಲ್ಲೆ ಮಾಡೋ ಕೆಲಸ ಬಹಳ ಸಣ್ಣದು. ಬಿಸಿಲು ಬಿದ್ದ ಕೂಡ್ಲೆ ಅದರೊಳಗಿನ ಕಣಗಳು ಎದ್ದು ಒಂದು ಕಡೆಗೆ ಓಡಕ್ಕೆ ನೋಡ್ತವೆ. ಅಷ್ಟೇ. ಒಂದು ಬಿಲ್ಲೆ ನಂಬ್ಕೊಂಡ್ರೆ ಒಂದು ಬಲ್ಬೂ ಉರಿಯಲ್ಲ. ಬಿಲ್ಲೆ ಬಿಲ್ಲೆ ಸೇರಿ ಪ್ಯಾನೆಲ್ಲು. ಪ್ಯಾನೆಲ್ಲು ಪ್ಯಾನೆಲ್ಲು ಕೈ ಕೈ ಹಿಡ್ಕೊಂಡ್ರೆ ಸಾಲು. ಒಂದರ ಮೇಲೆ ಹಕ್ಕಿ ಹಿಕ್ಕೆ ಬಿತ್ತು ಅಂದ್ರೆ ಇಡೀ ಸಾಲು ಕುಂಟತ್ತೆ. ಅದಕ್ಕೇ ನಿಮ್ಮನ್ನ ತೊಳೆಯಕ್ಕೆ ಇಟ್ಟಿರೋದು."

ಸಾಲುಗಳೆಲ್ಲ ಬಂದು ಸೇರುವ ಬಾಕ್ಸುಗಳು ಬಯಲಿನ ಉದ್ದಕ್ಕೂ ಅಲ್ಲಲ್ಲಿ ಕಂಬಕ್ಕೆ ಕೂತಿದ್ದವು. ಪ್ರತಿ ಬಾಕ್ಸಿಗೂ ಒಂದು ಕೆಂಪು ಹಿಡಿ. ಅಲ್ಲಿಂದ ದಪ್ಪ ಕೇಬಲ್ಲುಗಳು ನೆಲದೊಳಗೆ ಇಳಿದು ಮಷಿನ್ ರೂಮಿನಲ್ಲಿ ಮೇಲೇಳುತ್ತಿದ್ದವು.

"ಇಲ್ಲೀತನಕ ಬರೋ ಕರೆಂಟು ಒಂದೇ ದಿಕ್ಕಿಗೆ ಹೋಗೋದು, ನಿನ್ನ ಹಾಗೆ ತಲೆ ಬಗ್ಗಿಸ್ಕೊಂಡು. ಊರಿನ ತಂತಿಗೆ ಅದು ಆಗಲ್ಲ. ಅದಕ್ಕೆ ಹಿಂದಕ್ಕೂ ಮುಂದಕ್ಕೂ ಕುಣಿಯೋ ಕರೆಂಟು ಬೇಕು, ನಿಮ್ಮಕ್ಕನ ಹಾಗೆ. ಕುಣಿಸೋದು ಈ ಇನ್ವರ್ಟರ್. ಆಮೇಲೆ ಟ್ರಾನ್ಸ್‌ಫಾರ್ಮರ್ ಅದಕ್ಕೆ ಜೋರು ತುಂಬಿ ಬೇಲಿ ಆಚೆಗೆ ಕಳಿಸತ್ತೆ."

"ಅಕ್ಕನಿಗೆ ಹೇಳ್ತೀನಿ," ಎಂದೆ.

"ಹೇಳು, ನಾಲ್ಕು ಮಾತಾದ್ರೂ ಖರ್ಚಾಗ್ಲಿ." ಆಮೇಲೆ ನಗು ಬಿಟ್ಟು ಹೇಳಿದ್ದರು: "ಒಂದು ನೆನಪಿಟ್ಕೋ. ಕಂಬದ ತಂತಿ ಸ್ವಿಚ್ ಎಳೆದ್ರೆ ಸಾಯತ್ತೆ. ಇದು ಹಾಗಲ್ಲ. ಬಿಸಿಲಿರೋವರೆಗೆ ಪ್ಯಾನೆಲ್ಲು ತಳ್ತಾನೇ ಇರತ್ತೆ. ನಲ್ಲಿ ಮುಚ್ಚಿದ್ರೆ ನೀರು ಬರೋದು ನಿಲ್ಲತ್ತೆ, ಪೈಪೊಳಗಿರೋ ನೀರು ಎಲ್ಲಿಗೆ ಹೋಗತ್ತೆ? ಅಲ್ಲೇ ತುಂಬ್ಕೊಂಡು ಕಾಯ್ತಿರತ್ತೆ. ಮಷಿನ್ ನಿಂತಿದೆ ಅಂತ ಕೇಬಲ್ಲಿಗೆ ಕೈ ಹಾಕಿದ್ರೆ ಮುಗೀತು. ಆ ಕೆಂಪು ಹಿಡಿ ಎಲ್ಲಾ ಇಳಿಸಿರ್ಬೇಕು. ಸೂರ್ಯನಿಗೆ ಸ್ವಿಚ್ಚಿಲ್ಲ."

ಇಷ್ಟು ಗೊತ್ತಿದ್ದವರು ಅವರು. ಗೊತ್ತಿಲ್ಲದೆ ಆದದ್ದಲ್ಲ ಅದು.

ಕೆಂಪು ಹಿಡಿಗಳನ್ನು ಇಳಿಸುವ ಕೆಲಸ ಸೈಕಲ್ ತಾತನದು. ಮಷಿನ್ನಿಗೆ ಏನಾದರೂ ರಿಪೇರಿ ಬಂದರೆ ತಾತ ಸೈಕಲ್ ಏರಿ ಬಾಕ್ಸಿನಿಂದ ಬಾಕ್ಸಿಗೆ ಹೋಗಿ ಹಿಡಿಗಳನ್ನೆಲ್ಲ ಇಳಿಸಿ, ಬೀಗ ಹಾಕಿ ಬರುವನು. ಬರುವಾಗ ದೂರದಿಂದಲೇ ಬೆಲ್ ಬಾರಿಸಿ, "ಎಲ್ಲಾ ಮಕ್ಳನ್ನೂ ಮಲಗಿಸಿ ಬಂದೆ!" ಎಂದು ಕೂಗುವನು. ಆಗ ಭಾವ ವಾಕಿಟಾಕಿಯಲ್ಲಿ "ಮಲಗಿದೆಯಾ?" ಎಂದು ಕೇಳುವರು, ಕಂಟ್ರೋಲ್ ರೂಮಿನಿಂದ "ಮಲಗಿದೆ" ಎಂದು ಬರುವುದು, ಆಮೇಲೆ ಇವರು ಸ್ಪ್ಯಾನರ್ ಎತ್ತಿಕೊಳ್ಳುವರು. ಹೀಗೆ ನನ್ನ ಮಾತು ದೊಡ್ಡದಾಯಿತು. ಮೊದಲು ಮಷಿನ್ ನಿಂತರೆ ಮಾತ್ರ ಮಲಗಿದೆ ಎನ್ನುತ್ತಿದ್ದರು. ಬರಬರುತ್ತ ಹಿಡಿಗಳೂ ಇಳಿದಿವೆ, ಕೇಬಲ್ಲುಗಳಲ್ಲೂ ಏನಿಲ್ಲ, ಕೈ ಹಾಕಬಹುದು ಎನ್ನುವುದೆಲ್ಲ ಆ ಒಂದು ಮಾತಿನೊಳಗೆ ಬಂದು ಸೇರಿತು. ಹೀಗೇ ಅನ್ನಬೇಕು ಎಂದು ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಹಾಗೇ ಆಗಿಹೋಯಿತು.

ಆಮೇಲೆ ಕಂಪನಿಯವರು ಎಲ್ಲ ಕಡೆ ಕ್ಯಾಮೆರಾ ಹಾಕಿದರು. ಕಂಟ್ರೋಲ್ ರೂಮಿಗೆ ದೊಡ್ಡ ಸ್ಕ್ರೀನು ಬಂತು, ಅದರ ಜೊತೆಗೆ ಹೊಸ ಸೂಪರ್‌ವೈಸರ್ ಬಂದರು. ವಯಸ್ಸು ಚಿಕ್ಕದು, ಕೆಟ್ಟವರಲ್ಲ. ದಿನವಿಡೀ ಸ್ಕ್ರೀನಿನ ಮುಂದೆ ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಿದ್ದರಿಂದ ಮೇಸ್ತ್ರಮ್ಮ ಅವರಿಗೆ ಸ್ಕ್ರೀನ್ ಸಾಹೇಬ್ರು ಎಂದು ಹೆಸರಿಟ್ಟಳು. ಎಲ್ಲ ಸ್ಕ್ರೀನಿನಲ್ಲೇ ಕಾಣುತ್ತದೆ ಎಂದ ಮೇಲೆ ಸೈಕಲ್ ಹೊಡೆದುಕೊಂಡು ತಿರುಗುವವನು ಯಾಕೆ ಎಂದು ತಾತನನ್ನು ಮನೆಗೆ ಕಳಿಸಿದರು. ಅವನ ಕೆಲಸ ಇನ್ನು ಯಾರದು ಎಂದು ಯಾರೂ ಯಾರಿಗೂ ಹೇಳಲಿಲ್ಲ. ಸಾಹೇಬರು ಅದು ಭಾವನದು ಎಂದುಕೊಂಡರು. ಭಾವ ಅದನ್ನು ಸಾಹೇಬರು ಯಾರಿಂದಲೋ ಮಾಡಿಸುತ್ತಾರೆ ಎಂದುಕೊಂಡರು.

ಅವತ್ತು ಪ್ಯಾನೆಲ್ ತೊಳೆಯುವುದು ಬೆಳಿಗ್ಗೆಯೇ ಮುಗಿದಿತ್ತು. ಗಾಜು ಕಾದ ಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ, ಅದಕ್ಕೆ ಬಿಸಿಲೇರುವ ಮುಂಚೆ, ಇಲ್ಲವೇ ಬಿಸಿಲು ತಗ್ಗಿದ ಮೇಲೆ ಆ ಕೆಲಸ. ಉಳಿದವರು ಸಾಲುಗಳ ಕೆಳಗೆ ಹುಲ್ಲು ಕೀಳುತ್ತಿದ್ದರು. ನಾನು ಮಷಿನ್ ರೂಮಿನ ಹಿಂದಿನ ನಲ್ಲಿಯಲ್ಲಿ ನೀರಿನ ಟ್ಯಾಂಕು ತುಂಬಿಸುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಕೇಬಲ್ಲಿನ ಒಂದು ನಟ್ಟು ಸಡಿಲವಾಗಿ ಬಿಸಿಯಾಗುತ್ತಿದೆ ಎಂದು ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಭಾವ ಹೇಳಿದ್ದರು.

ಗೊಂಯ್ ಎನ್ನುವ ಸದ್ದು ನಿಂತಿತು.

"ಸಾರ್, ಮಲಗಿದೆಯಾ?" ಭಾವನ ದನಿ.

ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ ಸಾಹೇಬರ ದನಿ: "ಮಲಗಿದೆ, ಮಲಗಿದೆ. ಕೈ ಹಾಕು. ಬೇಗ ಮುಗಿಸು, ಒಳ್ಳೆ ಬಿಸಿಲಿದೆ."

ನಾನು ಆ ಕಡೆ ಕತ್ತು ತಿರುಗಿಸಿದೆ. ದಪ್ಪ ಬಟ್ಟೆಯನ್ನು ಒಮ್ಮೆಗೇ ಹರಿದ ಹಾಗೆ ಸದ್ದಾಯಿತು. ಬಾಗಿಲೊಳಗಿಂದ ಬಂದ ಬೆಳಕು ಎಷ್ಟು ಬೆಳ್ಳಗಿತ್ತೆಂದರೆ ಹೊರಗಿನ ಬಿಸಿಲು ಮಬ್ಬಾಗಿ ಕಂಡಿತು. ಬೇರೆ ಕರೆಂಟಿನ ಕಿಡಿಯಾದರೆ ಒಮ್ಮೆ ಹೊಡೆದು ಆರುತ್ತದಂತೆ. ಇದು ಉರಿಯುತ್ತಲೇ ಇತ್ತು. ಕಿತ್ತು ಎಸೆದ ಹಾಗೆ ಭಾವ ಹಿಂದಕ್ಕೆ ಬಿದ್ದರು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿಕೊಂಡೇ ಬಿದ್ದಿದ್ದರು, ಯಾರಿಗೋ ಏನನ್ನೋ ಕೊಡುವವರ ಹಾಗೆ. ನಾನು ಕಿರುಚಿದೆನಂತೆ. ಹುಲ್ಲು ಕೀಳುತ್ತಿದ್ದವರು ಆ ಸದ್ದಿಗೇ ಓಡಿ ಬಂದದ್ದು ಎಂದು ಮೇಸ್ತ್ರಮ್ಮ ಆಮೇಲೆ ಹೇಳಿದಳು. ನನಗೆ ನನ್ನ ದನಿ ಕೇಳಿಸಲಿಲ್ಲ. ಟ್ಯಾಂಕು ತುಂಬಿ ನೀರು ನನ್ನ ಕಾಲ ಮೇಲೆ ಹರಿಯುತ್ತಿದ್ದದ್ದು ನೆನಪಿದೆ.

ಆಸ್ಪತ್ರೆಯಿಂದ ಭಾವ ಮನೆಗೆ ಬಂದಾಗ ಎರಡೂ ಕೈಗಳು ಮೊಣಕೈವರೆಗೆ ಬಿಳಿ ಬಟ್ಟೆಯೊಳಗಿದ್ದವು. ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಉಜ್ಜಿ ತಂತಿಯ ದಪ್ಪ ಹೇಳುತ್ತಿದ್ದವರಿಗೆ ಈಗ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಕ್ಕ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಮೊದಮೊದಲು ಅದಕ್ಕೂ ತಮಾಷೆ ಮಾಡಿದರು: "ಮದುವೆಯಾದ ಹೊಸದರಲ್ಲೂ ಹೀಗೆ ತಿನ್ನಿಸಿರಲಿಲ್ಲವಲ್ಲೇ." ಅಕ್ಕ ನಗಲಿಲ್ಲ. ನಮ್ಮ ಮಾತಿನಲ್ಲಿ ಕೈ ಎಷ್ಟು ಕಡೆ ಬರುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು. ಕೈ ಬಿಡಬೇಡ, ಕೈ ಮೀರಿತು, ಕೈಲಾಗಲ್ಲ, ಕೈಗೆ ಸಿಗಲ್ಲ. ಅಕ್ಕ ಏನೋ ಹೇಳಹೊರಟು ನಡುವೆ ನಿಲ್ಲಿಸಿದರೆ, ಮುಂದಿನ ಮಾತು ಅದೇ ಎಂದು ಮೂವರಿಗೂ ತಿಳಿಯುತ್ತಿತ್ತು.

ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಬೇಗ ಆಪರೇಷನ್ ಮಾಡಿ ಬೇರೆ ಕಡೆಯ ಚರ್ಮ ಕೂರಿಸಿದರೆ ಬಲಗೈಯ ಬೆರಳುಗಳು ಮಡಚುವಷ್ಟಾದರೂ ಆಗುತ್ತವೆ. ತಡವಾದರೆ ಹಾಗೇ ಒಂದಕ್ಕೊಂದು ಅಂಟಿ ಸೆಟೆದುಕೊಳ್ಳುತ್ತವೆ. ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೆ ಕಂಪನಿ ಕಳಿಸಬೇಕಾದರೆ ತಪ್ಪು ಕಂಪನಿಯದು ಎಂದಾಗಬೇಕು. ಅದನ್ನು ತೀರ್ಮಾನಿಸಲು ಹೆಡ್ ಆಫೀಸಿನಿಂದ ಒಬ್ಬರು ವಿಚಾರಣೆಗೆ ಬರುತ್ತಾರೆ ಎಂದು ತಿಳಿಯಿತು. ವಾಕಿಟಾಕಿಯಲ್ಲಿ ಆಡಿದ ಮಾತು ಎಲ್ಲೂ ಉಳಿದಿರಲಿಲ್ಲ. ಅದನ್ನು ಕಿವಿಯಾರೆ ಕೇಳಿದ ಮೂರನೆಯವಳು ನಾನು.

ವಿಚಾರಣೆಯ ಬೆಳಿಗ್ಗೆ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದು ಬಾಗಿಲು ಮುಂದಕ್ಕೆ ಮಾಡಿದಳು. "ನೋಡು, ಸತ್ತಿದೆ ಅಂದ್ರು ಅಂತ ಹೇಳು."

"ಮಲಗಿದೆ ಅಂದದ್ದಲ್ವಾ ಅಕ್ಕ?"

"ಗೊತ್ತು ಕಣೇ. ಹೊರಗಿಂದ ಬಂದೋರಿಗೆ ನಿಮ್ಮ ಮಲಗೋದು ಏಳೋದು ಏನು ಅರ್ಥ ಆಗತ್ತೆ? ಸತ್ತಿದೆ ಅಂದ್ರೆ ಎಲ್ಲರಿಗೂ ಒಂದೇ ಅರ್ಥ. ಎರಡಕ್ಷರ ಹೆಚ್ಚುಕಮ್ಮಿ. ಅವರ ಬೆರಳಿಗೋಸ್ಕರ ಅಷ್ಟು ಹೇಳಲ್ವಾ?"

ನಾನು ತಲೆಯಾಡಿಸಿದೆ. ದಾರಿಯುದ್ದಕ್ಕೂ ಆ ಮಾತನ್ನು ಬಾಯೊಳಗೇ ಹೇಳಿಕೊಂಡು ನಡೆದೆ. ಸತ್ತಿದೆ ಅಂದ್ರು, ಸತ್ತಿದೆ ಅಂದ್ರು. ಶಾಲೆಯಲ್ಲಿ ಪದ್ಯ ಒಪ್ಪಿಸುವ ಮುಂಚೆ ಹೀಗೇ ಹೇಳಿಕೊಳ್ಳುತ್ತಿದ್ದೆ.

ಆಫೀಸಿನ ಮೀಟಿಂಗ್ ರೂಮಿನ ಹೊರಗೆ ಬೆಂಚು ಹಾಕಿದ್ದರು. ಮೇಸ್ತ್ರಮ್ಮನನ್ನು ಮೊದಲು ಕರೆದರು. ಅವಳು ಹೊರಗೆ ಬಂದಾಗ ಮುಖ ಅರಳಿತ್ತು. ನನ್ನ ಪಕ್ಕ ಕೂತು ತೊಡೆ ತಟ್ಟಿದಳು.

"ಒಳ್ಳೆ ಮನುಷ್ಯ ಕಣೇ. ಚಹಾ ಕೊಟ್ರು. ನಿನ್ನ ವಿಷಯ ಎಲ್ಲಾ ಹೇಳ್ಬಿಟ್ಟೆ."

"ನನ್ನ ವಿಷಯ?"

"ಹೂಂ ಮತ್ತೆ! ಇಲ್ಲಿ ಮಲಗಿದೆ ಅಂತ ಯಾಕಂತೀರಿ ಅಂದ್ರು. ಅದು ನಮ್ಮ ಹುಡುಗಿ ಹುಟ್ಟಿಸಿದ ಮಾತು ಸಾರ್, ಬಾಯಿ ಬಿಡೋದೇ ಕಮ್ಮಿ, ಬಿಟ್ರೆ ಮುತ್ತು ಅಂದೆ. ನಕ್ರು. ಬರ್ಕೊಂಡ್ರು ಕೂಡ."

ಅವಳ ಕಣ್ಣಲ್ಲಿ ಹೆಮ್ಮೆ ತುಂಬಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತು ನಾಲಗೆಯ ಮೇಲೆ ಕಲ್ಲಿನ ಚೂರಿನ ಹಾಗೆ ಕೂತಿತ್ತು. ಒಳಗಿನಿಂದ ನನ್ನನ್ನು ಕರೆದರು.

ಉದ್ದ ಮೇಜಿನ ಆ ತುದಿಯಲ್ಲಿ ವಿಚಾರಣೆಯವರು, ಕಿಟಕಿಯ ಹತ್ತಿರ ಸ್ಕ್ರೀನ್ ಸಾಹೇಬರು. ಸಾಹೇಬರು ನನ್ನನ್ನು ನೋಡಲಿಲ್ಲ. ಹೆಬ್ಬೆರಳಿನ ಉಗುರಿನ ಪಕ್ಕದ ಚರ್ಮ ಕೀಳುತ್ತ ಕೂತಿದ್ದರು. ಅಲ್ಲಿ ರಕ್ತ ಬಂದಿತ್ತು. ಆ ಮನುಷ್ಯ ಅವತ್ತಿನಿಂದ ನಿದ್ದೆ ಮಾಡಿಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು.

ವಿಚಾರಣೆಯವರಿಗೆ ತಲೆ ನರೆತಿತ್ತು. ನನಗೆ ಕುರ್ಚಿ ತೋರಿಸಿದರು. "ಓ, ಆ ಮಾತು ಹುಟ್ಟಿಸಿದ ಹುಡುಗಿ ನೀನೇನಾ? ಕೂತ್ಕೋಮ್ಮ. ಹೆದರ್ಬೇಡ. ಅವತ್ತು ಏನು ಕೇಳಿಸ್ತು, ಕೇಳಿಸಿದ ಹಾಗೇ ಹೇಳು."

"ಭಾವ ಮಲಗಿದೆಯಾ ಅಂದ್ರು."

"ಅದಕ್ಕೆ?"

"ಮಲಗಿದೆ, ಕೈ ಹಾಕು ಅಂದ್ರು."

"ಸತ್ತಿದೆ ಅಂತೇನಾದ್ರೂ ಅಂದ್ರಾ?"

ಗೋಡೆಯ ಫ್ಯಾನು ಸುತ್ತುತ್ತಿತ್ತು. ಅಕ್ಕನ ಮುಖ ನೆನಪಾಯಿತು. "ಇಲ್ಲ," ಎಂದೆ. "ಇಲ್ಲಿ ಆ ಮಾತು ಯಾರೂ ಹೇಳಲ್ಲ."

ಸಾಹೇಬರು ಉಗುರು ಕೀಳುವುದನ್ನು ನಿಲ್ಲಿಸಿದರು. ಆಗ ನನಗೆ ಏನಾಯಿತೋ, ಇಲ್ಲಿಗೇ ಬಿಟ್ಟರೆ ಎಲ್ಲ ಮುಗಿಯಿತು ಎನ್ನಿಸಿ ಮಾತಾಡತೊಡಗಿದೆ. ಅಷ್ಟು ಹೊತ್ತು ಒಂದೇ ಉಸಿರಿಗೆ ನಾನು ಯಾವತ್ತೂ ಮಾತಾಡಿದವಳಲ್ಲ.

"ಆದ್ರೆ ಸಾರ್, ಇಲ್ಲಿ ಮಲಗಿದೆ ಅಂದ್ರೆ ಬರೀ ಮಷಿನ್ ಅಲ್ಲ. ಬಾಕ್ಸಿನ ಕೆಂಪು ಹಿಡಿ ಎಲ್ಲಾ ಇಳಿಸಿ ಆಗಿದೆ ಅಂತ. ಸೈಕಲ್ ತಾತ ಇಳಿಸಿ ಬಂದ ಮೇಲೇನೇ ಹಾಗನ್ನೋದು. ಮಷಿನ್ ನಿಂತ್ರೂ ಪ್ಯಾನೆಲ್ಲು ತಳ್ತಾನೇ ಇರತ್ತೆ ಅಂತ ಭಾವನಿಗೆ ಗೊತ್ತು ಸಾರ್, ನನಗೇ ಹೇಳ್ಕೊಟ್ಟಿದ್ದಾರೆ, ಸೂರ್ಯನಿಗೆ ಸ್ವಿಚ್ಚಿಲ್ಲ ಅಂತ. ಗೊತ್ತಿರೋರು ಹಾಗೇ ಕೈ ಹಾಕ್ತಾರಾ? ಮಲಗಿದೆ ಅಂದದ್ದಕ್ಕೇ ಹಾಕಿದ್ದು. ಆ ಮಾತಿಗೆ ಇಲ್ಲಿ ಅದೇ ಅರ್ಥ. ಯಾರನ್ನ ಬೇಕಾದ್ರೂ ಕೇಳಿ."

ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ನನ್ನ ಕಿವಿ ಬಿಸಿಯಾಗಿತ್ತು, ಎದೆ ಹಗುರಾಗಿತ್ತು. ಗೆದ್ದೆ ಅಂದುಕೊಂಡೆ. ಸತ್ಯವನ್ನೇ ಹೇಳಿ ಗೆದ್ದೆ, ಅಕ್ಕನ ಸುಳ್ಳು ಬೇಕಾಗಲೇ ಇಲ್ಲ ಎಂದು.

"ಬಹಳ ಚೆನ್ನಾಗಿ ಹೇಳಿದೆ," ಎಂದರು. "ಅವರಿಗೆ ಇಷ್ಟೆಲ್ಲ ಗೊತ್ತಿತ್ತು ಅಂದಾಯ್ತು. ಕೈ ಹಾಕೋ ಮುಂಚೆ ಕರೆಂಟಿದೆಯಾ ಅಂತ ಮೀಟರ್ ಇಟ್ಟು ನೋಡಿದ್ರಾ?"

"ಇದ್ದದ್ದು ಒಂದೇ ಮೀಟರ್ ಸಾರ್. ಅದು ಸಬ್‌ಸ್ಟೇಷನ್ನಿಗೆ ಹೋಗಿತ್ತು."

"ನೋಡ್ಲಿಲ್ಲ." ಬರೆದುಕೊಂಡರು. ಆಮೇಲೆ, ಮಗುವಿಗೆ ಕೇಳುವ ಹಾಗೆ, "ಇನ್ನೊಂದೇ ಒಂದು. ಈ ಮಾತು ನೀನು ಮೊದಲ ಸಲ ಯಾವಾಗ ಹೇಳಿದ್ದು?" ಎಂದರು.

"ಸಂಜೆ. ಕೆಲಸ ಮುಗಿದ ಮೇಲೆ."

"ಯಾವುದನ್ನ ನೋಡಿ ಹೇಳಿದೆ?"

"ಮಷಿನ್ನು... ಸದ್ದು ನಿಂತದ್ದಕ್ಕೆ."

"ಆಗ ಬಾಕ್ಸಿನ ಹಿಡಿ ಯಾರಾದ್ರೂ ಇಳಿಸಿದ್ರಾ?"

ನನಗೆ ಅವರು ಎಲ್ಲಿಗೆ ಹೊರಟಿದ್ದಾರೆ ಎಂದು ಆ ಗಳಿಗೆಯಲ್ಲಿ ಕಂಡಿತು. ಕಂಡರೂ ಏನು ಮಾಡಲಿ? ಸಂಜೆ ದಿನವೂ ಮಷಿನ್ ತಾನೇ ನಿಲ್ಲುತ್ತದೆ, ಯಾರೂ ಯಾವ ಹಿಡಿಯನ್ನೂ ಇಳಿಸುವುದಿಲ್ಲ. ಅದು ಅಲ್ಲಿ ಕೂತ ಮೂವರಿಗೂ ಗೊತ್ತು.

"ಇಲ್ಲ," ಎಂದೆ.

"ಹಾಗಾದ್ರೆ ಆ ಮಾತು ಹುಟ್ಟಿಸಿದವಳ ಲೆಕ್ಕದಲ್ಲೇ, ಮಲಗಿದೆ ಅಂದ್ರೆ ಮಷಿನ್ ಮಾತ್ರ ನಿಂತಿದೆ ಅಂತ. ಅಲ್ವಾ?"

"ಅದು ಆವಾಗ ಸಾರ್. ಆಮೇಲೆ..."

"ಆಮೇಲೆ ಯಾರು ಬದಲಾಯಿಸಿದ್ರು? ಯಾವತ್ತು? ಹೊಸ ಸೂಪರ್‌ವೈಸರ್‌ಗೆ ಯಾರಾದ್ರೂ ಹೇಳಿದ್ರಾ?"

ಯಾರೂ ಬದಲಾಯಿಸಿರಲಿಲ್ಲ. ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂತವರಿಗೆ ನಿದ್ದೆ ಹತ್ತುವ ಹಾಗೆ ಮಾತು ತಾನಾಗಿ ಹತ್ತಿಕೊಂಡಿತ್ತು. ಇದನ್ನು ಅವರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿರುವಾಗಲೇ ಬಂದಷ್ಟು ಮಾತೆಲ್ಲ ವಾಪಸು ಗಂಟಲಿಗೆ ಇಳಿದುಹೋಯಿತು. ಅವರು ಕಾದರು. ನಾನು ಮೇಜಿನ ಮೇಲಿನ ಚಹಾ ಲೋಟದ ಗುರುತನ್ನು ನೋಡುತ್ತ ಕೂತೆ.

"ಮಷಿನ್ ಮಲಗಿದೆ ಅಂದಾಗ ಮಷಿನ್ ನಿಜವಾಗಲೂ ನಿಂತಿತ್ತು. ಅವರ ಸ್ಕ್ರೀನಲ್ಲೂ ಸೊನ್ನೆ ಇತ್ತು. ಅವರು ಸುಳ್ಳು ಹೇಳಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿ ಬರೆದರು. ನಾನು ಎದ್ದು ಹೊರಡುವಾಗ, "ಸಂಬಂಧಿಕಳಾಗಿಯೂ ಇದ್ದದ್ದನ್ನ ಇದ್ದ ಹಾಗೆ ಹೇಳಿದೆಯಮ್ಮ. ಒಳ್ಳೇದಾಗ್ಲಿ ನಿನಗೆ," ಎಂದರು. ನಿಜವಾಗಿ ಮೆಚ್ಚಿಯೇ ಹೇಳಿದರು. ಕಿಟಕಿಯ ಹತ್ತಿರ ಸಾಹೇಬರು ದೊಡ್ಡದಾಗಿ ಉಸಿರು ಬಿಟ್ಟರು. ಬಿಟ್ಟ ಮೇಲೆ ನನ್ನ ಕಡೆ ನೋಡಿ, ನೋಡಬಾರದಿತ್ತು ಎನ್ನುವ ಹಾಗೆ ಕಣ್ಣು ಬೇರೆ ಕಡೆ ತಿರುಗಿಸಿಕೊಂಡರು.

ಮನೆಯಲ್ಲಿ ಅಕ್ಕ ಬಾಗಿಲಲ್ಲೇ ಇದ್ದಳು. ನಾನು ಹೇಳುವ ಮುಂಚೆ ಅವಳಿಗೆ ತಿಳಿಯಿತು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. "ಊಟ ಮಾಡು ಬಾ," ಎಂದಳು. ತಟ್ಟೆ ಇಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಭಾವ ಒಳಗಿನಿಂದ ಕರೆದರು. "ಏನ್ ಗುಮ್ಮ, ಇವತ್ತು ಎಷ್ಟು ಮಾತು ಖರ್ಚಾಯ್ತು?"

"ಎಲ್ಲಾ," ಎಂದೆ.

ಅವರ ಮುಖದ ಮೇಲೆ ನೊಣ ಕೂತಿತ್ತು. ಓಡಿಸಲು ಕೈ ಎತ್ತಿ, ಬಟ್ಟೆ ಸುತ್ತಿದ ಮುದ್ದೆಯಂಥ ಅದನ್ನು ನೋಡಿ, ಮತ್ತೆ ಇಳಿಸಿದರು. ನಾನು ಓಡಿಸಿದೆ. "ನಾನೂ ಒಂದು ಮಾತು ಹೆಚ್ಚಿಗೆ ಕೇಳ್ಬೇಕಿತ್ತು," ಎಂದರು. "ಹಿಡಿ ಇಳಿಸಿದ್ದೀರಾ ಸಾರ್ ಅಂತ. ನಿನ್ನ ಮಾತು ಚಿಕ್ಕದಾಗಿ ಚೊಕ್ಕವಾಗಿತ್ತು ನೋಡು. ಅದರಲ್ಲೇ ಎಲ್ಲಾ ಬಂತು ಅಂದ್ಕೊಂಡೆ." ಅದರ ನಂತರ ಅವರು ಆ ಪ್ರಶ್ನೆಯನ್ನು, ಎಷ್ಟು ಮಾತು ಖರ್ಚಾಯ್ತು ಎನ್ನುವುದನ್ನು, ನನಗೆ ಮತ್ತೆ ಕೇಳಲಿಲ್ಲ.

ಕೆಲಸದವನ ಸ್ವಂತ ಅಜಾಗರೂಕತೆ ಎಂದು ತೀರ್ಮಾನವಾಯಿತು. ಆಫೀಸಿನವನೊಬ್ಬ ಬಂದು ಬಾಗಿಲಲ್ಲೇ ನಿಂತು ಹೇಳಿಹೋದ. ಒಳಗೆ ಬಾ ಎಂದರೆ ಬರಲಿಲ್ಲ. ದೊಡ್ಡ ಆಸ್ಪತ್ರೆಯ ಮಾತು ಅಲ್ಲಿಗೆ ಮುಗಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಹಚ್ಚಿದೆವು. ಅಕ್ಕ ಹೋಗಿ ಹೋಗಿ ಕೇಳಿದಳು. ಭಾವನಿಗಿಂತ ಹೆಚ್ಚು ಸುಟ್ಟುಕೊಂಡವರನ್ನು ಕರೆದುಕೊಂಡು ಬಂದವರು ಅವಳ ಮುಂದೆ ಕೂತಿರುತ್ತಿದ್ದರು. ನಮ್ಮ ಸರದಿ ಬಂದಾಗ ಡಾಕ್ಟರು ಬಟ್ಟೆ ಬಿಚ್ಚಿ, ಬಲಗೈಯನ್ನು ತಿರುಗಿಸಿ ನೋಡಿ, ಬೆರಳುಗಳ ನಡುವೆ ತಮ್ಮ ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. "ಸ್ವಲ್ಪ ಮುಂಚೆ ಬರಬೇಕಿತ್ತು," ಎಂದರು. ಅಕ್ಕ ಅವರ ಮುಂದೆ ನಕ್ಕುಬಿಟ್ಟಳು. ಅವಳು ನಕ್ಕದ್ದನ್ನು ನಾನು ಬಹಳ ದಿನದ ಮೇಲೆ ಕೇಳಿದ್ದು ಅದು.

ನಾನು ಪ್ಲಾಂಟಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮನೆ ನಡೆಯುವುದಿಲ್ಲ. ಬೆಳಿಗ್ಗೆ ಗಾಜು ತಣ್ಣಗಿರುವಾಗ ತೊಳೆಯುತ್ತೇನೆ, ಹಕ್ಕಿ ಹಿಕ್ಕೆ ಉಜ್ಜಿ ತೆಗೆಯುತ್ತೇನೆ. ಬಿಸಿಲೇರಿದ ಹಾಗೆ ಸಾಲುಗಳು ತಳ್ಳತೊಡಗುತ್ತವೆ, ಮಷಿನ್ ಗೊಂಯ್‌ಗುಟ್ಟತೊಡಗುತ್ತದೆ. ಮಷಿನ್ ರೂಮಿನ ಬಾಗಿಲಿಗೆ ಈಗ ಒಂದು ಬೋರ್ಡು ಬಂದಿದೆ. ವಾಕಿಟಾಕಿಯಲ್ಲಿ 'ಮಲಗಿದೆ' ಎಂಬ ಪದ ಬಳಸಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಭಾವನ ಜಾಗಕ್ಕೆ ಬಂದವನು ಸಂಜೆ "ಸತ್ತಿದೆ" ಎನ್ನುತ್ತಾನೆ. ಮೇಸ್ತ್ರಮ್ಮ ರೇಗುವುದಿಲ್ಲ. ನನ್ನ ಕಡೆ ತಿರುಗುವುದೂ ಇಲ್ಲ. ತನ್ನ ಪಾಡಿಗೆ ಬ್ರಷ್ಷು ಒರಗಿಸುತ್ತಾಳೆ. ಒಳ್ಳೆಯದಾಗಲಿ ಎಂದೇ ಅವಳು ಒಳಗೆ ಹೋಗಿ ಹೇಳಿದ್ದು. ಅದು ನಮ್ಮಿಬ್ಬರಿಗೂ ಗೊತ್ತಿರುವುದರಿಂದಲೇ ಮಾತಾಡಲು ಏನೂ ಉಳಿದಿಲ್ಲ.

ನಿನ್ನೆ ಸಂಜೆ ಮನೆಗೆ ಬಂದಾಗ ಭಾವ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಲಗೈ ಪಕ್ಕದಲ್ಲಿ ಬಿದ್ದಿತ್ತು. ಬಟ್ಟೆ ಬಿಚ್ಚಿದ್ದರು. ಬೆರಳುಗಳು ಒಂದಕ್ಕೊಂದು ಸೇರಿ, ಸಣ್ಣಗೆ ಮಡಚಿಕೊಂಡು, ಹೊಳೆಯುತ್ತಿದ್ದವು. ಪುಟ್ಟಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಒಂದು ಬೆರಳಿಂದ ಅದನ್ನು ಮುಟ್ಟಿ, ಮತ್ತೆ ಮುಟ್ಟಿ, ನನ್ನ ಕಡೆ ತಿರುಗಿದಳು.

"ಚಿಕ್ಕಮ್ಮ, ಅಪ್ಪನ ಕೈ ಮಲಗಿದೆಯಾ?"

ಭಾವನ ಬೆನ್ನು ಅಲುಗಲಿಲ್ಲ. ಆದರೆ ಉಸಿರಾಡುವುದು ನಿಂತ ಹಾಗೆ ಕಂಡಿತು. ಎಚ್ಚರವಿದ್ದರು. ಅವರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ನನಗೆ ಗೊತ್ತಿದ್ದದ್ದು ಎರಡೇ ಮಾತು. ಎರಡರಲ್ಲಿ ಯಾವುದನ್ನೂ ಹೇಳಲಾಗಲಿಲ್ಲ.

ನಾನು ಸುಮ್ಮನಿದ್ದದ್ದನ್ನು ಪುಟ್ಟಿ ಹೌದು ಎಂದುಕೊಂಡಳು. ಎದ್ದು, ತುಟಿಗೆ ಬೆರಳಿಟ್ಟುಕೊಂಡು, ಸದ್ದಾಗದ ಹಾಗೆ ತುದಿಗಾಲಲ್ಲಿ ನಡೆದು ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುತ್ತಿದ್ದ ಅಕ್ಕನಿಗೆ ಅವಳು "ಶ್" ಎಂದದ್ದು ನನಗೆ ಕೇಳಿಸಿತು. ಆಮೇಲೆ ನಲ್ಲಿಯ ಸದ್ದು ನಿಂತಿತು.